ಅಮೀರಾ ಬಾಯಿ ಬಿಡದ ಪರೀಕ್ಷೆ

ಅಮೀರಾ ಶಿಗ್ಲಿಯವಳು. ತಂದೆ ಇಸಾಕ ಲಕ್ಷ್ಮೇಶ್ವರದ ಸಂತೆಯಲ್ಲಿ ಬಳೆ ಮಾರುತ್ತಾನೆ. ಹುಟ್ಟಿನಿಂದಲೇ ಆಕೆಗೆ ಕಣ್ಣಿಲ್ಲ. ದನಿ ಮಾತ್ರ ತಂದೆಯದು. ಸಂತೆಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಯವರು ತಿರುಗಿ ನೋಡಬೇಕು. ನಾನು ಆಕೆಗೆ ಕಲಿಸಿದ್ದು ನಾಲ್ಕನೆಯ ಇಯತ್ತೆಯ ಕನ್ನಡ. ಸಂಗೀತವನ್ನು ಆಕೆ ಗದಗಿನಲ್ಲಿ ಉಳಿದು ಕಲಿತಳು, ಮುಂಡರಗಿಯ ಕಡೆಯ ಒಂದು ವಸತಿ ಶಾಲೆಯಲ್ಲಿ ಹಾಡು ಕಲಿಸತೊಡಗಿದಳು. ಸಂಗೀತ ಪರೀಕ್ಷೆಯ ಪ್ರಮಾಣಪತ್ರ ತಂದರೆ ಕೆಲಸ ಕಾಯಂ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಹಾಡುವ ಪರೀಕ್ಷೆ ಆಕೆಗೆ ನೀರು ಕುಡಿದಷ್ಟು ಸಲೀಸಾಯಿತು. ಉಳಿದದ್ದು ಬರೆಯುವ ಪರೀಕ್ಷೆ.

ಕಣ್ಣಿಲ್ಲದವರ ಪರವಾಗಿ ಬರೆಯಲು ಒಬ್ಬರನ್ನು ಕರೆತರಬಹುದು ಎಂದು ನಿಯಮವಿದೆ. ಆದರೆ ಹಾಗೆ ಬಂದವರಿಗೆ ಸಂಗೀತ ಬರಬಾರದು. ಗದಗಿನ ಸೀಮೆಯಲ್ಲಿ ಇಂಥವರನ್ನು ಹುಡುಕುವುದು ಸುಲಭವಲ್ಲ. ಅಮೀರಾ ನೆರೆಮನೆಯ ವನಿತಾಳನ್ನು ಕರೆತಂದಳು. ಆಕೆಯ ಅಕ್ಷರಗಳು ಮುತ್ತಿನಂತಿದ್ದವು. ಪರೀಕ್ಷಾ ಕೇಂದ್ರದ ಮುಖ್ಯಸ್ಥರು ಸಕ್ರಪ್ಪನವರು, ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವನಿತಾಳ ಅಜ್ಞಾನವನ್ನು ಪರೀಕ್ಷಿಸಬೇಕೆಂದು ಮೇಜಿನ ಮೇಲೆ ತಾಳ ಬಾರಿಸಿದರು. ಶ್ರಾವಣದಲ್ಲಿ ಭಜನೆಗೆ ಹೋಗುವ ಹೆಣ್ಣುಮಗಳು. ಅವಳಿಗೆ ಅರಿವಿಲ್ಲದೆಯೇ ಬೆರಳು ತೊಡೆಯ ಮೇಲೆ ಆಡಿತು. ಆಕೆಯನ್ನು ಹೊರಗೆ ಕಳಿಸಿದರು.

ಬದಲಿಗೆ ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಜವಾನ ಉಡಚಪ್ಪನನ್ನು ಕೂಡಿಸಿದರು. ಇಷ್ಟು ವರ್ಷದಲ್ಲಿ ಶಾಲೆಯ ಗಂಟೆಯನ್ನು ಒಮ್ಮೆಯೂ ಸರಿಯಾದ ವೇಳೆಗೆ ಬಾರಿಸದ ಮನುಷ್ಯ. ಆತನಿಗೆ ಸಂಗೀತ ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂಗವಿಕಲರಿಗೆ ಹೆಚ್ಚಿನ ವೇಳೆ ಕೊಡಬೇಕೆಂಬ ನಿಯಮವನ್ನೂ ಸಕ್ರಪ್ಪನವರು ಮರೆಯಲಿಲ್ಲ. ಪ್ರಶ್ನೆಪತ್ರಿಕೆ ಬರುವ ಒಂದು ತಾಸು ಮೊದಲೇ ಅಮೀರಾಳನ್ನು ಕರೆದು ಬೆಂಚಿನ ಮೇಲೆ ಕೂಡಿಸಿ, ಹೆಚ್ಚಿನ ವೇಳೆ ಕೊಟ್ಟಾಯಿತೆಂದು ಬರೆದುಕೊಂಡರು. ಉತ್ತರ ಹೇಳಿ ಬರೆಸಲು ಬೇರೆ ಕೋಣೆ ಮಾತ್ರ ಇರಲಿಲ್ಲ, ಎಲ್ಲರೊಡನೆ ಪರೀಕ್ಷೆಯ ಹಾಲಿನಲ್ಲೇ ಕೂಡಬೇಕಾಯಿತು. ಇದ್ದ ಒಂದು ಕೋಣೆಯಲ್ಲಿ ಅತಿಥಿಗಳಿಗೆ ಉಪ್ಪಿಟ್ಟು ತಯಾರಾಗುತ್ತಿತ್ತು.

ಪರೀಕ್ಷೆ ನಡೆದಾಗ ನಾನು ಆಕೆಯ ತಾಯಿ ಸುಗ್ರಾಬಿಯೊಡನೆ ಪಡಸಾಲೆಯಲ್ಲಿ ಕುಳಿತಿದ್ದೆ. ಅಮೀರಾ ಉತ್ತರ ಹೇಳುವುದು ಅಲ್ಲಿಯವರೆಗೆ ಕೇಳುತ್ತಿತ್ತು. ಪಡಸಾಲೆಗೇ ಕೇಳಿದ್ದು ಹಾಲಿಗೆ ಕೇಳದೆ ಇದ್ದೀತೆ? ಆಕೆ ಹೇಳಿದಾಗ ಎಲ್ಲ ಲೇಖನಿಗಳು ಓಡಿದವು, ಉಸಿರೆಳೆದುಕೊಂಡಾಗ ಎಲ್ಲವೂ ನಿಂತವು. ಮುಂದಿನ ಬೆಂಚಿನ ಮೌನೇಶನೆಂಬ ಹುಡುಗ, ಸ್ವಲ್ಪ ಸಾವಕಾಶ ಹೇಳಬೇಕೆಂದು ವಿನಂತಿಯನ್ನೂ ಮಾಡಿಕೊಂಡನಂತೆ.

ಫಲಿತಾಂಶ ಬಂತು. ಇಡೀ ಹಾಲು ಪಾಸು, ಅಮೀರಾ ಒಬ್ಬಳೇ ನಪಾಸು.

ಆಕೆಯ ಉತ್ತರಪತ್ರಿಕೆಯ ನಕಲು ತರಿಸಿ ನಾನೇ ಓದಿದೆ. ಕೋಮಲ ಸ್ವರಕ್ಕೆ ಕೆಳಗೊಂದು ಗೆರೆ ಎಳೆಯಬೇಕು, ತಾರ ಸ್ವರಕ್ಕೆ ಮೇಲೊಂದು ಚುಕ್ಕಿ ಇಡಬೇಕು. ಅದು ಸ್ವರಲಿಪಿಯ ಪದ್ಧತಿ. ಹೇಳಿದ್ದಷ್ಟನ್ನೇ ಬರೆಯಬೇಕೆಂದು ಸಕ್ರಪ್ಪನವರು ಉಡಚಪ್ಪನಿಗೆ ಅಪ್ಪಣೆ ಮಾಡಿದ್ದರು. ಆತ ಪ್ರಾಮಾಣಿಕ. ಪುಟದ ತುಂಬ “ನಿ ಕೆಳಗೆ ಗೆರೆ ಎಳಿ, ಸಾ ಮೇಲೆ ಚುಕ್ಕಿ ಇಡು, ತಪ್ಪಾತು, ಹೊಡೆದುಹಾಕು” ಎಂದು ದುಂಡಗೆ ಬರೆದಿದ್ದ. ಗೆರೆಯನ್ನು ಎಲ್ಲಿಯೂ ಎಳೆದಿರಲಿಲ್ಲ. ಕಣ್ಣಿದ್ದವರೆಲ್ಲ ಎಳೆದಿದ್ದರು.

ಮೌನೇಶ ಪೇಢೆ ಹಿಡಿದುಕೊಂಡು ಶಿಗ್ಲಿಗೆ ಬಂದ. “ಅಕ್ಕಾರ, ನಿಮ್ಮ ಪುಣ್ಯಾದಿಂದ ಫಸ್ಟ್ ಕ್ಲಾಸ್ ಬಂತ್ರಿ” ಎಂದ. ಸುಗ್ರಾಬಿ ಪೇಢೆಯ ಡಬ್ಬಿಯನ್ನು ಹಾಗೆಯೇ ಅವನ ಕೈಗೆ ಮರಳಿ ಕೊಟ್ಟಳು.

ವಸತಿ ಶಾಲೆಯವರು ಇನ್ನೊಂದೇ ವರ್ಷ ಕಾಯಲು ಒಪ್ಪಿದರು. ಈ ಸಲ ಅಮೀರಾ ಬೇರೆ ಕೋಣೆಗಾಗಿ ಮೊದಲೇ ಅರ್ಜಿ ಕೊಟ್ಟಳು. ವನಿತಾಳಿಗೆ ಗೆರೆ, ಚುಕ್ಕಿಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ಹೇಳಿಕೊಟ್ಟಳು. ಸಕ್ರಪ್ಪನವರು ಮತ್ತೆ ತಾಳ ಬಾರಿಸಿದಾಗ ವನಿತಾ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕಲ್ಲಿನಂತೆ ಕುಳಿತಳು. ಅಜ್ಞಾನದಲ್ಲಿ ತೇರ್ಗಡೆಯಾದಳು.

ಆದರೆ ಬೇರೆ ಕೋಣೆಗೆ ಅಡ್ಡಿ ಬಂದದ್ದು ಉಳಿದ ಅಭ್ಯರ್ಥಿಗಳಿಂದ. ಹಿಂದಿನ ವರ್ಷದ ಖ್ಯಾತಿ ಕೇಳಿ ಶಿರಹಟ್ಟಿಯಿಂದ, ಹಮ್ಮಿಗಿಯಿಂದ ಹುಡುಗರು ಇದೇ ಕೇಂದ್ರವನ್ನು ಕೇಳಿ ಪಡೆದಿದ್ದರು. ಅಂಗವಿಕಲರನ್ನು ನಮ್ಮಿಂದ ದೂರವಿಡುವುದು ಅಮಾನವೀಯ, ಅವರು ನಮ್ಮ ನಡುವೆಯೇ ಇರಲಿ ಎಂದು ಎಲ್ಲರೂ ಸಹಿ ಮಾಡಿ ಕೊಟ್ಟರು. ಸಕ್ರಪ್ಪನವರ ಕಣ್ಣಲ್ಲಿ ನೀರು ಬಂತು. ಅಮೀರಾಳನ್ನು ಹಾಲಿನ ನಟ್ಟನಡುವೆ ಕೂಡಿಸಿದರು.

ಪ್ರಶ್ನೆಪತ್ರಿಕೆ ಹಂಚಿದರು. ವನಿತಾ ಮೆಲ್ಲಗೆ ಪ್ರಶ್ನೆಗಳನ್ನು ಓದಿದಳು. ಅಮೀರಾ ಬಾಯಿ ಬಿಡಲಿಲ್ಲ. ಹಾಲಿನಲ್ಲಿ ಒಂದು ಲೇಖನಿಯೂ ಅಲುಗಲಿಲ್ಲ. ಹೊತ್ತು ಜಾರುತ್ತಿತ್ತು. ಹೊರಗೆ ಸುಗ್ರಾಬಿ, ಮಗಳಿಗೆ ಉತ್ತರ ಮರೆತೇ ಹೋಯಿತೇನೋ ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಕೊನೆಗೆ ಸಕ್ರಪ್ಪನವರೇ ಬಂದರು.

“ಯಾಕವಾ, ಆರಾಮ ಇಲ್ಲೇನು? ಎಲ್ಲಾರೂ ಕಾಯಾಕತ್ಯಾರ.”

“ಅದಕ್ಕ ಸುಮ್ಮ ಕುಂತೀನ್ರಿ ಸರ್.”

“ವ್ಯಾಳ್ಯಾ ಹೊಂಟೈತಿ. ಈ ಸಲಾನೂ ನಪಾಸ್ ಆಗತಿ ನೋಡು.”

“ಆಗ್ಲಿ ಬಿಡ್ರಿ. ನಾ ಒಬ್ಬಾಕಿ ನಪಾಸ್ ಆಗೋದು ಹ್ವಾದ ವರ್ಷ ಆತು. ಈ ವರ್ಷ ಎಲ್ಲಾರೂ ಕೂಡೇ ಆಗೂಣು. ಇಲ್ಲಾಂದ್ರ ಉಪ್ಪಿಟ್ಟಿನ ಖೋಲಿ ಬಿಡಿಸಿ ಕೊಡ್ರಿ.”

ಕೇಂದ್ರದ ಫಲಿತಾಂಶ ಸೊನ್ನೆಯಾದರೆ ಮೇಲಿನವರಿಗೆ ಏನು ಹೇಳುವುದು? ಸಕ್ರಪ್ಪನವರು ಗಡಿಯಾರ ನೋಡಿದರು, ಉಡಚಪ್ಪನನ್ನು ಕೂಗಿದರು. ಉಡಚಪ್ಪ ಉಪ್ಪಿಟ್ಟಿನ ಬೋಗುಣಿಯನ್ನು ಪಡಸಾಲೆಗೆ ಹೊತ್ತು ತಂದು ನಮ್ಮ ಪಕ್ಕದಲ್ಲಿಟ್ಟ. ಅಮೀರಾ ಆ ಕೋಣೆಗೆ ಹೋಗಿ ಬಾಗಿಲು ಹಾಕಿಸಿದಳು. ಕಳೆದ ಹೊತ್ತಿಗೆ ಬದಲಾಗಿ ಹೆಚ್ಚಿನ ತಾಸನ್ನೂ ಕೇಳಿ ಪಡೆದಳು, ಈ ಸಲ ಪರೀಕ್ಷೆಯ ಕೊನೆಗೆ.

ಅಮೀರಾ ಪಾಸಾದಳು, ಕೆಲಸ ಕಾಯಂ ಆಯಿತು. ಹಾಲಿನಲ್ಲಿ ಉಳಿದವರಲ್ಲಿ ಓದಿಕೊಂಡು ಬಂದಿದ್ದ ಕೆಲವರು ಪಾಸಾದರು, ಮಾನವೀಯತೆಗೆ ಸಹಿ ಮಾಡಿದವರಲ್ಲಿ ಬಹುತೇಕರು ನಪಾಸು. ಮೊನ್ನೆ ಗದಗಿನ ಬಸ್ ನಿಲ್ದಾಣದಲ್ಲಿ ಸಕ್ರಪ್ಪನವರು ಭೇಟಿಯಾದರು. ಆಕೆ ತನ್ನೊಬ್ಬಳ ಹಿತವನ್ನಷ್ಟೇ ನೋಡಿಕೊಂಡಳೆಂದು ನೊಂದುಕೊಂಡರು.

“ಇರ್ಲಿ ಬಿಡ್ರಿ ಮಾಸ್ತರ” ಎಂದರು, “ಮುಂದಿನ ಸಲ ಹಾಲಿಗೊಬ್ಬರಂಗ ಕಣ್ಣಿಲ್ಲದವರನ್ನ ಕೊಡ್ರಿ ಅಂತ ಮ್ಯಾಲಿನವರಿಗೆ ಬರದೀನಿ.”