ಇಳಿದಿದ್ದ ಮುಳ್ಳು

ತೊಂಬತ್ತರ ದಶಕದ ನಡುವಿನಲ್ಲಿ ನಾನು ನಾಗಮಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಅಲ್ಲೇ ಒಬ್ಬರಿಂದ ದುಂಡು ಮೂತಿಯ ಹಳೆಯ ಕಾರೊಂದನ್ನು ಕೊಂಡು, ಶನಿವಾರ ಶಾಲೆ ಬಿಟ್ಟ ಮೇಲೆ ಅದರಲ್ಲಿ ಸಂತೆಬಾಚಹಳ್ಳಿ ಪಕ್ಕದ ನಮ್ಮೂರಿಗೆ ಹೋಗಿಬರುತ್ತಿದ್ದೆ. ಊರಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಅಣ್ಣ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಜಮೀನಿಗೆ ಇಳಿದವನು. ಟ್ರಾಕ್ಟರಿನ ಸಣ್ಣಪುಟ್ಟ ರಿಪೇರಿಯನ್ನೆಲ್ಲ ತಾನೇ ಮಾಡಿಕೊಳ್ಳುತ್ತಿದ್ದ. ಆದರೂ ನಾನು ಓದಿದವನು, ನನ್ನ ಮಾತು ಸರಿಯಿರುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆಯಿಂದಲೇ ಅವನ ಕೈ ಸುಟ್ಟಿತು.

ಮಾರ್ಚ್ ಕೊನೆಯ ಒಂದು ಭಾನುವಾರ ಅವ್ವನನ್ನು ಗಂಜಾಂನ ನಿಮಿಷಾಂಬ ಗುಡಿಗೆ ಕರೆದುಕೊಂಡು ಹೊರಟೆವು. ಅಣ್ಣ ನನ್ನ ಪಕ್ಕದಲ್ಲಿ, ಅವ್ವ ಹಿಂದಿನ ಸೀಟಿನಲ್ಲಿ. ಕೆ.ಆರ್. ಪೇಟೆ ದಾಟಿ ಪಾಂಡವಪುರದ ದಾರಿಯಲ್ಲಿ ಸಾಗುತ್ತಿದ್ದಾಗ ಹನ್ನೊಂದು ಗಂಟೆಯಿರಬೇಕು, ಬಿಸಿಲು ಏರಿತ್ತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡನೋಡುತ್ತಲೇ ಮೇಲಕ್ಕೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಬರತೊಡಗಿತು. ನಾಲೆಯ ಸೇತುವೆ ಪಕ್ಕದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ.

ಅಣ್ಣ ಬಾನೆಟ್ ಎತ್ತಿ ನಿಂತ. ಐದು ನಿಮಿಷವಾಗಿರಬಹುದು. ಗುಡಿ ಬಾಗಿಲು ಹಾಕಿಬಿಡುತ್ತಾರೆ ಎಂಬ ಆತುರ ನನಗೆ. ಕಿಟಕಿಯಿಂದ ಬಗ್ಗಿ ನೋಡಿದರೆ ಮುಳ್ಳು ಪೂರಾ ಕೆಳಗಿಳಿದಿತ್ತು.

"ಆರಿದೆ ಅಣ್ಣ. ರೇಡಿಯೇಟರ್ ಮುಚ್ಚಳ ತೆಗಿ, ನೀರು ಹಾಕೋಣ" ಎಂದೆ.

ಅವನು ರೇಡಿಯೇಟರಿನ ಮೇಲೆ ಅಂಗೈ ಆಡಿಸಿದ. "ಇನ್ನೂ ಕಾವು ಅದೆ ಕಣ್ಲಾ."

"ಮುಳ್ಳು ಸೊನ್ನೆಗೆ ಬಂದಿದೆ. ತೆಗಿ."

ಅವನು ಹೆಗಲ ಮೇಲಿನ ಟವಲನ್ನೂ ಸುತ್ತಿಕೊಳ್ಳದೆ ಮುಚ್ಚಳ ತಿರುಗಿಸಿದ. ಕುಕ್ಕರು ಸಿಡಿದಂಥ ಸದ್ದು. ಕುದಿನೀರು ಆಳುದ್ದ ಚಿಮ್ಮಿತು. ಅಣ್ಣ ಕೂಗಲಿಲ್ಲ. ಬಲಗೈಯನ್ನು ಮುಂದಕ್ಕೆ ಚಾಚಿಕೊಂಡು ಹಿಂದೆ ಹಿಂದೆ ನಡೆದು ರಸ್ತೆ ಮಧ್ಯೆ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮೊಣಕೈವರೆಗೆ ತೊಗಲು ಕೆಂಪೇರಿತ್ತು.

ಅವನನ್ನು ನಾಲೆಯ ಮೆಟ್ಟಿಲಿಗೆ ಇಳಿಸಿ ಕೈಯನ್ನು ನೀರಲ್ಲಿ ಮುಳುಗಿಸಿದೆ. ಕಬ್ಬಿನ ಗದ್ದೆಯಿಂದ ಓಡಿಬಂದ ಒಬ್ಬ ಮುದುಕ "ಇಂಕು ಉಯ್ಯಿ, ಬೊಕ್ಕೆ ಏಳಕಿಲ್ಲ" ಎಂದ. ಬೇಡ, ತಣ್ಣೀರೊಂದೇ ಸಾಕು ಎಂದೆ. ಬಸ್ಸು ಕೇಳಿದರೆ ಇನ್ನೊಂದು ಗಂಟೆ ಬರುವುದಿಲ್ಲವೆಂದ. ಪಾಂಡವಪುರದ ಆಸ್ಪತ್ರೆಗೆ ಇದೇ ಕಾರಲ್ಲಿ ಹೋಗಬೇಕಿತ್ತು.

ಕಾರಿಗೆ ಬಂದು ಎಂಜಿನ್ ಚಾಲೂ ಮಾಡದೆ ಬರೀ ಕೀಲಿ ತಿರುಗಿಸಿದೆ. ಮುಳ್ಳು ಸೊನ್ನೆಯಿಂದ ನಿಧಾನಕ್ಕೆ ಎದ್ದು ಕೆಂಪು ಗೆರೆಯ ಹತ್ತಿರ ಹೋಗಿ ನಿಂತಿತು. ಕೀಲಿ ತೆಗೆದೆ, ಮುಳ್ಳು ಬಿತ್ತು. ಆಗ ಗೊತ್ತಾಯಿತು. ಎಂಜಿನ್ ತಣ್ಣಗಾದದ್ದಕ್ಕೆ ಮುಳ್ಳು ಇಳಿದಿರಲಿಲ್ಲ. ನಾನು ಕೀಲಿ ತೆಗೆದಾಗ ಅದಕ್ಕೆ ಹೋಗುವ ಕರೆಂಟು ನಿಂತಿತ್ತು, ಅಷ್ಟೇ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚಿದರೆ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಮುಚ್ಚಳ ತೆಗೆದ ಕ್ಷಣ ಒಟ್ಟಿಗೇ ಕುದಿದು ಚಿಮ್ಮುತ್ತದೆ ಎಂದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದವನು ನಾನು.

ಅರ್ಧ ಗಂಟೆ ಕಾದೆವು. ಎಂಜಿನ್ ಮೇಲೆ ಕೈಯಿಡುವಷ್ಟು ಕಾವು ಇಳಿದ ಮೇಲೆ ಅವ್ವನ ತಂಬಿಗೆಯಲ್ಲಿ ನಾಲೆ ನೀರು ತಂದೆ. ಎಂಜಿನ್ ಓಡುತ್ತಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಹುಯ್ಯಿ, ಒಂದೇ ಸಲ ಹುಯ್ದರೆ ಕಬ್ಬಿಣ ಬಿರುಕು ಬಿಡುತ್ತೆ ಎಂದು ಅಣ್ಣ ಮೆಟ್ಟಿಲಿಂದಲೇ ಹೇಳಿಕೊಟ್ಟ. ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದ.

"ಫ್ಯಾನು ತಿರುಗ್ತಾ ಅದಾ?"

"ತಿರುಗ್ತಿದೆ."

"ಕಾವು ಏರ್ಲಿ ತಾಳು. ಈಗ ರೇಡಿಯೇಟರ್ ಮೇಲ್ಗಡೆ ಪೈಪ್ ಮುಟ್ನೋಡು."

"ಸುಡ್ತಿದೆ."

"ಕೆಳ್ಗಡೇದು?"

ತಣ್ಣಗಿತ್ತು. ಹೇಳಿದೆ.

"ಅಂಗಾದ್ರೆ ನೀರು ತಿರುಗ್ತಾ ಇಲ್ಲ ಕಣ್ಲಾ. ಎಲ್ಲೋ ಕಟ್ಕಂಡದೆ. ನಿಧಾನಕ್ಕೆ ಓಡ್ಸು."

ಹೊರಟೆವು. ಒದ್ದೆ ಟವಲಿನೊಳಗೆ ಅಣ್ಣನ ಕೈ. ಅವ್ವ ಹಿಂದಿನಿಂದ ಬಗ್ಗಿ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದಳು. ನಾನು ರಸ್ತೆಗಿಂತ ಹೆಚ್ಚಾಗಿ ಮುಳ್ಳನ್ನೇ ನೋಡುತ್ತಿದ್ದೆ. ಎರಡು ಮೈಲಿಗೆ ಅದು ಮುಕ್ಕಾಲು ಭಾಗಕ್ಕೆ ಬಂತು. ನಿಲ್ಲಿಸಿದರೆ ಅಣ್ಣನ ನೋವು ಇನ್ನಷ್ಟು ಹೊತ್ತು. ನಿಲ್ಲಿಸದೆ ಎಂಜಿನ್ ಕಚ್ಚಿಕೊಂಡರೆ ಬಟಾಬಯಲಲ್ಲಿ ಮೂವರೂ ನಿಲ್ಲಬೇಕು. ನಿಲ್ಲಿಸಿದೆ. ಬಾನೆಟ್ ಎತ್ತಿ, ಮುಚ್ಚಳ ಮುಟ್ಟದೆ, ಹತ್ತು ನಿಮಿಷ ಎಣಿಸಿದೆ. ಕೀಲಿ ತಿರುಗಿಸಿ ಮುಳ್ಳು ನೋಡಿ ಮತ್ತೆ ಹೊರಟೆ. ಅಣ್ಣ ಕಣ್ಣು ಮುಚ್ಚಿದ್ದ. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಹಾಗೆ ಎರಡು ಸಲ ನಿಂತೆವು. ಎರಡನೇ ಸಲ ಅವನು ಕಣ್ಣು ತೆರೆಯದೆಯೇ "ಊರು ಬಂತಾ?" ಎಂದು ಕೇಳಿದ. ಅವ್ವ "ಬಂತು ಮಗ" ಎಂದಳು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಟವಲು ಬಿಚ್ಚಿದಾಗ ಬೊಕ್ಕೆಗಳು ಎದ್ದಿದ್ದವು. "ಬಿಸಿಯಿದ್ದಾಗ ಮುಚ್ಚಳ ತೆಗೀತಾರೇನ್ರೀ? ಯಾರು ತೆಗೆಸಿದ್ದು?" ಎಂದು ಗದರಿದರು.

"ನಂದೇ ತಪ್ಪು ಕಣಮ್ಮ. ನನ್ ತಮ್ಮ ಬ್ಯಾಡ ಅಂತಿದ್ದ, ನಾನೇ ಕೇಳ್ದೆ ತೆಗ್ದ್‌ಬುಟ್ಟೆ" ಎಂದ ಅಣ್ಣ.

ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಗೋಡೆ ಕಡೆ ನೋಡುತ್ತ ನಿಂತೆ.

ಕಾರನ್ನು ಪಾಂಡವಪುರದ ಮೆಕ್ಯಾನಿಕ್ ಒಬ್ಬರಲ್ಲಿ ಬಿಟ್ಟು ಬಸ್ಸಿನಲ್ಲಿ ಊರಿಗೆ ಹೋದೆವು. ನಾಲ್ಕು ದಿನ ರಜಾ ಹಾಕಿ ಕೊಟ್ಟಿಗೆ ಕೆಲಸ ನಾನು ಮಾಡಿದೆ. ಅಣ್ಣನ ಕೈಗೆ ಒಗ್ಗಿದ್ದ ಹಸು ನನಗೆ ಹಾಲು ಸೊರೆಯಲೇ ಇಲ್ಲ. ಕೊನೆಗೆ ಅತ್ತಿಗೆ ಚೊಂಬು ಕಿತ್ತುಕೊಂಡು ಕೂತಳು.

ಐದನೇ ದಿನ ಮೆಕ್ಯಾನಿಕ್ ಹತ್ತಿರ ಹೋದಾಗ ಅವರು ಎಂಜಿನ್ನಿನ ನೆತ್ತಿಯ ಮೂರು ನಟ್ಟು ಬಿಚ್ಚಿ, ಒಳಗಿಂದ ಬಿಲ್ಲೆಯಂಥ ಒಂದು ಹಿತ್ತಾಳೆಯ ವಾಲ್ವ್ ತೆಗೆದರು. "ಇದು ತೂಬು ಇದ್ದಂಗೆ ಸಾ. ಎಂಜಿನ್ ತಣ್ಣಗಿದ್ದಾಗ ಮುಚ್ಕಂಡಿರ್ತದೆ. ಕಾವೇರಿದ್ ಮೇಕೆ ತಾನೇ ಬಾಯ್ ಬುಡ್ಬೇಕು. ಆಗ ಬಿಸಿನೀರು ರೇಡಿಯೇಟರ್‌ಗೆ ಓಗಿ, ಗಾಳಿಗೆ ತಣ್ಣಗಾಗಿ, ಪಂಪಿಂದ ತಿರುಗಾ ಎಂಜಿನ್‌ಗೆ ಬತ್ತದೆ. ನಿಮ್ದು ಕಚ್ಕಂಡದೆ. ಸುಮಾರು ಜನ ಇದ್ನ ತೆಗ್ದೇ ಓಡುಸ್ತಾರೆ, ತೆಗ್ದ್‌ಬುಡ್ಲಾ?"

ಬೇಡ, ಹೊಸದು ಹಾಕಿ ಎಂದೆ. ಆದರೆ ಹಾಕುವ ಮೊದಲು ಹಳೆಯದನ್ನೂ ಹೊಸದನ್ನೂ ಕಾಗದದಲ್ಲಿ ಸುತ್ತಿ ಊರಿಗೆ ಒಯ್ದೆ.

ಅಡುಗೆಮನೆಯಲ್ಲಿ ಒಲೆ ಮೇಲೆ ನೀರಿಟ್ಟು, ಎರಡನ್ನೂ ದಾರದಲ್ಲಿ ಕಟ್ಟಿ ಇಳಿಬಿಟ್ಟೆ. ಅಣ್ಣ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಪಕ್ಕದಲ್ಲಿ ಕೂತ. ನೀರು ಕುದಿಗೆ ಬರುವ ಮೊದಲೇ ಹೊಸದರ ಬಾಯಿ ಅಗಲಕ್ಕೆ ತೆರೆಯಿತು. ಹಳೆಯದು ಕೂದಲೆಳೆಯಷ್ಟು ಬಿಟ್ಟು ಅಲ್ಲೇ ನಿಂತಿತು.

"ಓ, ಇಷ್ಟೇಯಾ" ಎಂದ ಅಣ್ಣ.

ಅವನು ಎದ್ದು ಹೋದ ಮೇಲೆ ಅವ್ವ ರಾಗಿಹಿಟ್ಟಿನ ಡಬ್ಬಿ ತೆಗೆಯುತ್ತಿದ್ದಳು. "ಅವ್ವ, ಮುಚ್ಚಳ ತೆಗಿ ಅಂದಿದ್ದು ನಾನು. ಅವನಲ್ಲ" ಎಂದೆ.

"ಗೊತ್ತು ಬುಡು. ಕಾರೊಳ್ಗೇ ಕುಂತಿದ್ನಲ್ಲ" ಎಂದಳು. ಡಬ್ಬಿ ಕೆಳಗಿಟ್ಟು, "ನಂಗ್ಯಾಕೆ ಯೋಳ್ತೀಯ? ನಿಮ್ಮತ್ತಿಗೆಗೆ ಯೋಳು. ಅವಳು ಅವನ್ನೇ ಬೈಕಂಡ್ ಓಡಾಡ್ತಾವ್ಳೆ" ಎಂದಳು.

ಅತ್ತಿಗೆ ಕೊಟ್ಟಿಗೆಯಲ್ಲಿದ್ದಳು. ಹೋಗಿ ಹೇಳಿದೆ. ಅವಳು ಬಾಚುತ್ತಿದ್ದ ಸಗಣಿಯನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದಳು. ಮುಂದಿನ ವರ್ಷದ ಯುಗಾದಿವರೆಗೆ ಅವಳು ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.