ಮೊಳೆಹಲಗೆಯ ಅಕ್ಕ

ಶಾಲೆಯ ಗಂಟೆಯ ಕೊಂಡಿ ಮುರಿದಿತ್ತು. ಅದನ್ನು ಬೆಸುಗೆ ಹಾಕಿಸಲು ಮೇಷ್ಟ್ರು ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಗೆ ಹೋದ ದಿನವೇ ಅಲ್ಲಿ ಸಲಕರಣೆಗಳನ್ನು ನೋಡಿಕೊಳ್ಳುವ ಸ್ಟೋರಿನಕ್ಕನನ್ನು ಮೊದಲು ನೋಡಿದ್ದು. ನಲವತ್ತು ದಾಟಿದ ಹೆಂಗಸು. ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಮೇಲೊಂದು ಪೆನ್ಸಿಲ್. ಬೆಸುಗೆಯವನು ಸುತ್ತಿಗೆ ಕೇಳಿದ. ಅವಳು ಕೊಡುವ ಮೊದಲು ಕೈ ಚಾಚಿದಳು. ಅವನು ಜೇಬಿನಿಂದ ಬಾಚಣಿಗೆ ತೆಗೆದುಕೊಟ್ಟ. ಸುತ್ತಿಗೆ ನೇತಾಡುತ್ತಿದ್ದ ಮೊಳೆಗೆ ಈಗ ಬಾಚಣಿಗೆ ಬಂತು.

"ಇದೇನಮ್ಮ?" ಎಂದು ಮೇಷ್ಟ್ರು ಕೇಳಿದರು.

"ಒತ್ತೆ ಸಾರ್. ಸುತ್ತಿಗೆ ವಾಪಸ್ ಬರೋವರೆಗೆ ಇವನು ತಲೆ ಕೆದರಿಕೊಂಡೇ ಇರಬೇಕು. ಕನ್ನಡಿ ನೋಡಿಕೊಳ್ಳೋ ಮನುಷ್ಯ, ಹತ್ತು ನಿಮಿಷಕ್ಕೆ ತಂದುಕೊಡ್ತಾನೆ."

ಅವಳ ಕೋಣೆಯ ಗೋಡೆಗೆ ಆಳೆತ್ತರದ ಒಂದು ಹಲಗೆ, ಅದರಲ್ಲಿ ಇನ್ನೂರು ಮೊಳೆ. ಸಲಕರಣೆ ಒಯ್ಯುವವರು ಆ ಮೊಳೆಗೆ ತಮ್ಮದೊಂದು ವಸ್ತುವನ್ನು ತೂಗುಹಾಕಬೇಕು, ಚೀಟಿಯಿಲ್ಲ, ಸಹಿಯಿಲ್ಲ. ಯಾರ ವಸ್ತು ಯಾವುದೆಂದು ಅವಳಿಗೆ ನೋಡಿದೊಡನೆ ಗೊತ್ತಾಗುತ್ತಿತ್ತು. ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ಲಿನಣ್ಣನದು ಮಗಳು ಹೆಣೆದುಕೊಟ್ಟ ಕೆಂಪು ನೂಲಿನ ಗುಂಡಿದ್ದ ಬೀಗದ ಕೈ. ಲೇತಿನಲ್ಲಿ ಕಬ್ಬಿಣ ಕಡೆಯುವ ಹಿರಿಯ ಟರ್ನರನೊಬ್ಬ ಏನೂ ಸಿಗದೆ ಒಂದು ದಿನ ಹಲ್ಲುಸೆಟ್ಟನ್ನೇ ಬಿಚ್ಚಿ ಚೀಲದಲ್ಲಿ ಹಾಕಿ ತೂಗುಬಿಟ್ಟಿದ್ದ. ಹದಿನಾರು ವರ್ಷದಲ್ಲಿ ಕಳೆದುಹೋದದ್ದು ಒಂದೇ ಒಂದು ಸ್ಪ್ಯಾನರ್. ಅದೂ ಬಾವಿಗೆ ಬಿದ್ದದ್ದು.

ಇಷ್ಟು ಹೆಮ್ಮೆಯ ಹೆಂಗಸಿನ ಎದೆಯಲ್ಲಿ ಮುಳ್ಳಾಗಿ ಕೂತವನು ಬೆಣ್ಣೆಮಾಮ. ಕಾರ್ಖಾನೆಗೆ ಬೇಕಾದ ಸಾಮಾನು ಖರೀದಿಸುವ ಕೆಲಸ ಅವನದು. ಅವಳಿಗಿಂತ ಒಂಬತ್ತು ವರ್ಷ ತಡವಾಗಿ ಕೆಲಸಕ್ಕೆ ಬಂದವನು. ಬಂದ ತಿಂಗಳಿಗೇ ಅವನಿಗೆ ಕೈಯಿರುವ ಕುರ್ಚಿ, ಮೇಜಿನ ಮೇಲೊಂದು ಫ್ಯಾನು. ಅವಳು ಫ್ಯಾನಿಗಾಗಿ ಮೂರು ಬೇಸಿಗೆ ಅರ್ಜಿ ಕೊಟ್ಟಿದ್ದಳು. ಯಜಮಾನರು ಅವನನ್ನು "ತಮ್ಮ" ಎನ್ನುತ್ತಿದ್ದರು; ಅವಳನ್ನು "ಸ್ಟೋರು" ಎನ್ನುತ್ತಿದ್ದರು. "ಸ್ಟೋರನ್ನ ಕರೀರಿ." ಅವನು ಮಾತಾಡುತ್ತ ಬಂದರೆ ಬೆವರು ಸುರಿಸುತ್ತಿದ್ದವರೂ ಮೋಟಾರು ನಿಲ್ಲಿಸಿ ನಗುತ್ತಿದ್ದರು. ಯಾರ ತಾಯಿಗೆ ಯಾವ ಕಣ್ಣಿನಲ್ಲಿ ಪೊರೆ, ಯಾರ ಮಗಳಿಗೆ ಎಷ್ಟು ಅಂಕ, ಎಲ್ಲ ಅವನ ಬಾಯಲ್ಲಿ. ಅವಳಿಗೂ ಅವೆಲ್ಲ ಗೊತ್ತಿತ್ತು. ಆದರೆ ಅವಳು ಹೇಳಿದರೆ ಯಾರೂ ನಗುತ್ತಿರಲಿಲ್ಲ.

"ಆ ಮನುಷ್ಯನ ನಗು ನನಗೆ ಹಿಡಿಸೋದಿಲ್ಲ," ಎಂದು ಒಂದು ಸಂಜೆ ಗಂಡನ ಮುಂದೆ ಹೇಳಿದಳು. ಗಂಡ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿದ ಗಾಜನ್ನೂ ತೆಗೆಯದೆ, "ನಗು ಅಲ್ಲ ಕಣೆ, ಫ್ಯಾನು," ಎಂದ. "ನಿನ್ನ ಹೊಟ್ಟೆಕಿಚ್ಚಿನಲ್ಲಿ ಒಂದು ಕೊಡ ನೀರು ಕಾಯಿಸಬಹುದು."

ಅವಳು ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ನಿಜ ಹೇಳಿದ್ದಕ್ಕೇ ಅಷ್ಟು ಕೋಪ.

ಅದಾದ ಕೆಲವೇ ವಾರಗಳಿಗೆ ಬೆಣ್ಣೆಮಾಮ ತಂದ ಕೊರೆಕಡ್ಡಿಗಳು ಮೊಂಡಾಗತೊಡಗಿದವು. ಕೊರೆಕಡ್ಡಿಯೆಂದರೆ ಕಬ್ಬಿಣಕ್ಕೆ ತೂತು ಹಾಕುವ ಉಕ್ಕಿನ ಕಡ್ಡಿ; ಒಳ್ಳೆಯದಾದರೆ ತಿಂಗಳು ಬಾಳುತ್ತದೆ. ಇವು ನಾಲ್ಕೇ ದಿನಕ್ಕೆ ಸೋಲುತ್ತಿದ್ದವು. ಅವಳು ಪೆಟ್ಟಿಗೆ ತಿರುಗಿಸಿ ನೋಡಿದಳು. ಹೆಸರಾಂತ ತಯಾರಕರ ಚೀಟಿ ಸೊಟ್ಟಗೆ ಅಂಟಿತ್ತು. ಉಗುರು ತಾಗಿಸಿದರೆ ಗೋಂದು ಇನ್ನೂ ಹಸಿ. ಯಾರೋ ಹಳೆಯ ಕಡ್ಡಿಗಳನ್ನು ಸಾಣೆ ಹಿಡಿಸಿ ಹೊಸ ಪೆಟ್ಟಿಗೆಗೆ ತುಂಬಿದ್ದರು. ಯಾರೋ ಏನು, ಹೊಸದರ ಬೆಲೆ ಬರೆದು ಉಳಿದದ್ದನ್ನು ಜೇಬಿಗಿಳಿಸುತ್ತಿದ್ದ ಬೆಣ್ಣೆಮಾಮನೇ.

ನೇರವಾಗಿ ಯಜಮಾನರ ಕೋಣೆಗೆ ಹೋಗಬೇಕಿತ್ತು. ಹೊಸಿಲವರೆಗೆ ಹೋಗಿಯೂ ಇದ್ದಳು. ಒಳಗೆ ಬೆಣ್ಣೆಮಾಮ ಏನೋ ಹೇಳುತ್ತಿದ್ದ, ಯಜಮಾನರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಈಗ ಬಾಯಿ ತೆಗೆದರೆ ಗಂಡ ಅಂದದ್ದನ್ನೇ ಇವರೂ ಅನ್ನುತ್ತಾರೆ ಎಂದುಕೊಂಡು ಹಿಂದಿರುಗಿದಳು. ಮೊಂಡಾದ ಕಡ್ಡಿಗಳಿಗೆ ತಾರೀಖಿನ ಚೀಟಿ ಕಟ್ಟಿ ಖಾಲಿ ಬಣ್ಣದ ಡಬ್ಬಿಯಲ್ಲಿ ಹಾಕುತ್ತ ಬಂದಳು. ಡಬ್ಬಿ ಭಾರವಾದಷ್ಟೂ ಅವಳಿಗೊಂದು ಬಗೆಯ ಹಿತ. ಅವನು ತಾನಾಗಿ ಬೀಳಲಿ, ಬಿದ್ದ ದಿನ ಇದನ್ನು ಎಲ್ಲರೆದುರು ಸುರಿಯುತ್ತೇನೆ ಎಂಬ ಆಸೆ.

ಬಿದ್ದವನು ಡ್ರಿಲ್ಲಿನಣ್ಣ. ಹನ್ನೊಂದು ವರ್ಷ ಒಂದು ತೂತೂ ಓರೆಯಾಗದಂತೆ ಕೊರೆದವನು. ಕಡ್ಡಿಗಳು ಹಾಳಾಗುತ್ತಿರುವುದು ಅವನ ಒತ್ತಡದಿಂದ ಎಂದು ಬೆಣ್ಣೆಮಾಮ ನಗುನಗುತ್ತಲೇ ಹೇಳಿದ: "ಅಣ್ಣನ ಕೈ ಸ್ವಲ್ಪ ಭಾರ. ಮನೆಯಲ್ಲಿ ಏನು ಸಿಟ್ಟೋ, ಪಾಪ, ಕಬ್ಬಿಣದ ಮೇಲೆ ತೀರಿಸಿಕೊಳ್ತಾನೆ." ಎಲ್ಲರೂ ನಕ್ಕರು. ಅವನ ಕಡತದಲ್ಲಿ ‘ಕೈಭಾರ, ಸಾಮಾನು ಕೆಡಿಸುವವನು’ ಎಂದು ಬರೆದದ್ದೂ ಆಯಿತು. ಎರಡನೆಯ ಸಲ ಬರೆದಾಗ ಅವನು ಕೆಲಸ ಬಿಟ್ಟ. ಕಡೆಯ ಕಡ್ಡಿಯನ್ನು ಅವಳ ಮುಂದಿಟ್ಟು, "ಅಕ್ಕ, ನನ್ನ ಕೈ ನಿಜವಾಗಲೂ ಭಾರವಾ?" ಎಂದು ಕೇಳಿದ.

ಅವಳು ಮೊಳೆಯಿಂದ ಅವನ ಬೀಗದ ಕೈ ತೆಗೆದುಕೊಟ್ಟಳು.

ನಾಲ್ಕು ತಿಂಗಳ ಮೇಲೆ ಆ ಕಡ್ಡಿಗಳಿಗೆ ಸಾಣೆ ಹಿಡಿಯುತ್ತಿದ್ದವನೇ ಬೆಣ್ಣೆಮಾಮನ ಮೇಲೆ ಜಗಳ ತೆಗೆದು ಕಾರ್ಖಾನೆಯ ಬಾಗಿಲಿಗೆ ಬಂದ. ಗುಟ್ಟು ರಟ್ಟಾಯಿತು. ಬೆಣ್ಣೆಮಾಮನನ್ನು ಹೊರಹಾಕಿದರು. ಯಜಮಾನರು ಪೆಟ್ಟಿಗೆಗಳನ್ನು ಎಣಿಸಿ, "ಹೋದದ್ದು ಎಂಬತ್ತಾರು ಪೆಟ್ಟಿಗೆ, ಅಷ್ಟೇ. ಬದುಕಿದೆವು," ಎಂದರು.

ಅಷ್ಟೇ ಆಗಿರಲಿಲ್ಲ. ಇನ್ನು ಯಾರನ್ನೂ ನಂಬುವಂತಿಲ್ಲ ಎಂದು ಮೊಳೆಹಲಗೆ ಇಳಿಸಿದರು. ಒಂದು ಸ್ಪ್ಯಾನರಿಗೂ ಮೂರು ಪ್ರತಿಯ ಚೀಟಿ, ಎರಡು ಸಹಿ. ಬೆಳಗಿನ ಅರ್ಧ ಗಂಟೆ ಅವಳ ಕಿಟಕಿಯ ಮುಂದೆ ಸಾಲು. ಯಂತ್ರಗಳು ಸುಮ್ಮನೆ ನಿಂತಿರುತ್ತಿದ್ದವು. ಹಲ್ಲುಸೆಟ್ಟಿನ ಟರ್ನರ್, "ನನ್ನ ಹಲ್ಲನ್ನೇ ಒತ್ತೆ ಇಟ್ಟವನು ನಾನು, ಸಹಿ ಹಾಕಲ್ಲ," ಎಂದು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡ. ಮೂವತ್ತು ವರ್ಷ ಕಣ್ಣು ಮುಚ್ಚಿ ಪಂಪು ಕೊಳ್ಳುತ್ತಿದ್ದ ವ್ಯಾಪಾರಿಗಳು ಒಂದೊಂದನ್ನೂ ಬಿಚ್ಚಿ ನೋಡತೊಡಗಿದರು. ಸಂಜೆ ಗೇಟಿನಲ್ಲಿ ಎಲ್ಲರ ಕೈಚೀಲ ತೆರೆದು ನೋಡುವ ಪದ್ಧತಿ ಬಂತು. ಅವಳದ್ದೂ.

ಅದಕ್ಕಿಂತ ಅವಳನ್ನು ಸುಟ್ಟದ್ದು ಬೇರೆ. ಸಾಲಿನಲ್ಲಿ ನಿಂತವರು, "ಏನೇ ಹೇಳಿ, ಬೆಣ್ಣೆಮಾಮ ಇದ್ದಾಗ ನಗು ಇತ್ತು," ಎನ್ನುತ್ತಿದ್ದರು. ಕದ್ದು ಸಿಕ್ಕಿಬಿದ್ದವನು; ಅವನ ಮೇಲಿನ ಅಕ್ಕರೆ ಮಾತ್ರ ಕಳ್ಳತನಕ್ಕೂ ಕರಗಿರಲಿಲ್ಲ. ಅವನ ಫ್ಯಾನನ್ನು ಅವಳ ಕೋಣೆಗೆ ತಂದಿಟ್ಟರು. ಹಾಕಿದರೆ ಚೀಟಿಗಳೆಲ್ಲ ಹಾರುತ್ತಿದ್ದವು.

ಒಂದು ಮಧ್ಯಾಹ್ನ ಹೊಸ ಡ್ರಿಲ್ಲಿನವನು ತೂತು ಓರೆ ಮಾಡಿದ. ಮೇಸ್ತ್ರಿ ಅವನಿಗೆ, "ಹಿಂದಿನವನ ಹಾಗೆ ನೀನೂ ಕೈಭಾರ ಆಗಬೇಡ," ಎಂದು ಬೈದ. ಬೆಣ್ಣೆಮಾಮನ ಗುಟ್ಟು ಬಯಲಾಗಿದ್ದರೂ ಆ ಮಾತು ಮಾತ್ರ ಹಾಗೇ ಉಳಿದಿತ್ತು. ಕಡತದಿಂದಲೂ ಯಾರೂ ಅಳಿಸಿರಲಿಲ್ಲ. ಅವಳು ಬಣ್ಣದ ಡಬ್ಬಿ ಎತ್ತಿಕೊಂಡು ಹೋಗಿ ಯಜಮಾನರ ಮೇಜಿನ ಮೇಲೆ ಸುರಿದಳು.

ಅವರು ಒಂದು ಕಡ್ಡಿಯ ಚೀಟಿ ಬಿಡಿಸಿ ತಾರೀಖು ಓದಿದರು. "ಇದು ಡ್ರಿಲ್ಲಿನವನು ಹೋಗೋಕ್ಕೆ ಎರಡು ತಿಂಗಳು ಮುಂಚಿನದು."

"ಹೌದು."

"ಗೊತ್ತಿತ್ತೇನಮ್ಮ ನಿನಗೆ? ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಹೊಟ್ಟೆಕಿಚ್ಚು ಅಂತಿದ್ರಿ."

ಯಜಮಾನರು ಕಡ್ಡಿಯನ್ನು ಮೇಜಿನ ಮೇಲಿಟ್ಟು, "ಅಂತಿದ್ದೆ," ಎಂದರು.

"ಅದು ನಿಜಾನೂ ಆಗಿತ್ತು. ಅದಕ್ಕೇ ಬಾಯಿ ಬರಲಿಲ್ಲ. ನನ್ನನ್ನ ಏನು ಬೇಕಾದರೂ ಮಾಡಿ. ಅವನ ಕಡತದ ಆ ಎರಡು ಸಾಲು ಹೊಡೆದು ಹಾಕಿ."

ಯಜಮಾನರು ಅವಳ ಆ ವರ್ಷದ ಬಡ್ತಿ ತಡೆದರು. ಕಡತದ ಸಾಲುಗಳ ಮೇಲೆ ಗೆರೆ ಎಳೆದರು. ತಪ್ಪು ನಮ್ಮದು, ಮರಳಿ ಬಾ ಎಂದು ಡ್ರಿಲ್ಲಿನಣ್ಣನಿಗೆ ಕಾಗದ ಬರೆದು ಅವಳ ಕೈಯಲ್ಲೇ ಕೊಟ್ಟು ಕಳಿಸಿದರು.

ಅವನು ಕಾಗದವನ್ನು ಎರಡು ಸಲ ಓದಿದ. ಅವಳು ಡಬ್ಬಿಯ ಕಥೆಯನ್ನೂ ಮುಚ್ಚಿಡದೆ ಹೇಳಿದಳು. ಅವನು ಬಹಳ ಹೊತ್ತು ಬೀಗದ ಕೈಯ ನೂಲಿನ ಗುಂಡನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಿದ್ದ. ಕೊನೆಗೆ, "ಈ ಕಾಗದ ಇಟ್ಟುಕೊಳ್ತೀನಿ, ಮಗಳಿಗೆ ತೋರಿಸಬೇಕು," ಎಂದ. "ಬರೋದು ಮಾತ್ರ ಆಗಲ್ಲ ಅಕ್ಕ. ಈಗಿರೋ ಕಡೆ ನಿಮ್ಮ ಹಾಗೇ ಮೊಳೆಹಲಗೆ ಮಾಡಿಸಿದೀನಿ. ಚೆನ್ನಾಗಿ ನಡೀತಿದೆ."

"ಅಲ್ಲಿ ಸ್ಟೋರಿನವಳು ಹೇಗೆ?"

"ಒಳ್ಳೆಯವಳು. ಬೇಗ ಕಲಿತಳು."

ದಾರಿಯುದ್ದಕ್ಕೂ ಅವಳಿಗೆ ಆ ‘ಬೇಗ’ ಚುಚ್ಚುತ್ತಲೇ ಇತ್ತು.

ಈಗ ಅವಳಿಗೆ ಐವತ್ತೆರಡು. ಚೀಟಿಯ ಸಾಲು ಇನ್ನೂ ಇದೆ. ಹೊಸ ಪೆಟ್ಟಿಗೆ ಬಂದರೆ ಅವಳೇ ಒಂದು ಕಡ್ಡಿ ತೆಗೆದು ಗುಜರಿ ಕಬ್ಬಿಣದ ಮೇಲೆ ಕೊರೆದು ನೋಡಿ, ಸರಿಯಿಲ್ಲದಿದ್ದರೆ ಆ ದಿನವೇ ಯಜಮಾನರ ಬಾಗಿಲು ತಟ್ಟುತ್ತಾಳೆ. ಫ್ಯಾನಿನ ಮುಖ ಗೋಡೆಗೆ. ಡ್ರಿಲ್ಲಿನಣ್ಣ ಬೀದಿಯಲ್ಲಿ ಸಿಕ್ಕಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಆ ನಿಮ್ಮ ಹುಡುಗಿಗೆ ಯಾರ ಬಾಚಣಿಗೆ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೋ, ಇಲ್ಲ ಬರೆದಿಟ್ಟುಕೊಳ್ತಾಳೋ?"

ಬರೆದಿಟ್ಟುಕೊಳ್ಳುತ್ತಾಳೆ ಎಂದು ಅವನು ಹೇಳುತ್ತಾನೆ. ಪ್ರತಿ ಸಲವೂ ಮನೆಗೆ ಬಂದು ಅವಳು ಅದನ್ನು ಗೆದ್ದವಳ ಹಾಗೆ ಗಂಡನಿಗೆ ಹೇಳುತ್ತಾಳೆ.