ಮೂಗು ಮೇಡಂ ಮತ್ತು ಕೆಂಪು ದೀಪ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವಳು ಮೂಗು ಮೇಡಂ. ಬೆಳಗ್ಗೆ ಗೇಟಿನಲ್ಲಿ ನಿಂತು, ಕೆಲಸಕ್ಕೆ ಬಂದವರ ಮೂಗಿನೊಳಗೆ ಹತ್ತಿಯ ಕಡ್ಡಿ ತಿರುಗಿಸಿ, ದ್ರವದಲ್ಲಿ ಅದ್ದಿ, ಒಂದು ಹನಿಯನ್ನು ಅಂಗೈಯಗಲದ ಯಂತ್ರಕ್ಕೆ ಬಿಡುವುದು ಅವಳ ಕೆಲಸ. ಹತ್ತೇ ನಿಮಿಷ. ಹಸಿರು ದೀಪ ಬಂದರೆ ಒಳಗೆ ಬಿಡುವುದು. ಕೆಂಪು ಬಂತೋ, ಮೈಯಲ್ಲಿ ವೈರಸ್ಸಿದೆ ಎಂದರ್ಥ. ಗೇಟಿನ ಪಕ್ಕದ ಕೋಣೆಗೆ ಸೇರಿಸಿ ಹೊರಗಿನಿಂದ ಬೀಗ, ಸಂಜೆ ಆರಕ್ಕೆ ಆಸ್ಪತ್ರೆಯ ವ್ಯಾನು ಬರುವ ತನಕ. ಬೀಗದ ಕೈ ಅವಳ ಕೊರಳಲ್ಲಿ. ಎರಡು ವರ್ಷದಲ್ಲಿ ಎಷ್ಟೋ ಜನ ಗೋಗರೆದಿದ್ದರು, ಬೈದಿದ್ದರು. ಅವಳದು ಒಂದೇ ಉತ್ತರ: "ಮಷಿನ್ನಿಗೆ ಯಾರ ಮುಲಾಜೂ ಇಲ್ಲಪ್ಪ."

ಆ ದಿನ ಕೋಣೆಯೊಳಗಿದ್ದವಳು ಪ್ಯಾಕಿಂಗ್ ವಿಭಾಗದ ಅವಳ ಸ್ವಂತ ತಂಗಿ.

"ಅಕ್ಕಾ, ನಾಲ್ಕು ಗಂಟೆಗೆ ಶಾಲೇಲಿ ಮಗಳ ನಾಟಕ ಕಣೇ! ಜ್ವರ ಇಲ್ಲ, ಕೆಮ್ಮಿಲ್ಲ. ಬಿಡೇ ನನ್ನ."

"ನಾನು ಹೋಗ್ತೀನಿ, ಸುಮ್ನಿರು. ದೊಡ್ಡಮ್ಮ ಬಂದ್ರೆ ಸಾಲ್ದಾ ಅವಳಿಗೆ?"

"ನಿನ್ನ ಡಬ್ಬಾನೇ ಕೆಟ್ಟಿದೆ. ಧೈರ್ಯ ಇದ್ರೆ ನಿನ್ನ ಮೂಗಿಗೆ ಹಾಕ್ಕೊಂಡು ನೋಡು!"

"ನೋಡೇ ಬಿಡೋಣ. ಹಸಿರು ಬಂದ್ರೆ ಬಾಯಿ ಮುಚ್ಕೊಂಡು ಕೂರ್ಬೇಕು."

ಕಿಟಕಿಯ ಹೊರಗೆ ನಿಂತೇ ಹನಿ ಬಿಟ್ಟಳು. ಹತ್ತು ನಿಮಿಷಕ್ಕೆ ದೀಪ ಹತ್ತಿತು. ಕೆಂಪು.

ಸರಳಿನ ಹಿಂದೆ ತಂಗಿ ಬಿದ್ದು ಬಿದ್ದು ನಕ್ಕಳು. "ಈಗ ಹೇಳೇ, ಕೆಟ್ಟಿದೆ ತಾನೇ?"

ಕೆಟ್ಟಿದೆ ಅಂದುಬಿಟ್ಟರೆ ಮುಗಿಯಿತು. ಇಬ್ಬರೂ ನಾಟಕಕ್ಕೆ ಹೋಗಬಹುದು. ನೋಡಿದವರು ಬೇರೆ ಯಾರೂ ಇಲ್ಲ. ಅವಳು ಹೊಸ ಕಡ್ಡಿ ತೆಗೆದು ಮತ್ತೊಮ್ಮೆ ನೋಡಿದಳು. ಮತ್ತೆ ಕೆಂಪು. ಈ ಸಲ ತಂಗಿ ನಗಲಿಲ್ಲ.

"ಅಷ್ಟು ಮಕ್ಕಳ ಮಧ್ಯೆ ಹೆಂಗೆ ಹೋಗಿ ಕೂರೋದೇ?" ಎಂದಳು ಅಕ್ಕ, ತನಗೆ ತಾನೇ ಹೇಳಿಕೊಂಡಂತೆ. ಕೋಣೆಯ ಬೀಗ ತೆಗೆದಳು. ಕೊರಳಿನ ಬೀಗದ ಕೈಯನ್ನು ಸಾಬೂನು ನೀರಲ್ಲಿ ತೊಳೆದು ಹೊರಗಿನ ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ, ವಾಚ್‌ಮನ್‌ನನ್ನು ಕೂಗಿದಳು.

"ಮೇಡಂ, ನೀವಾ?"

"ಬೀಗ ಹಾಕಪ್ಪ. ನಾನೇ ಗೋಗರೆದ್ರೂ ತೆಗೀಬೇಡ."

ಗೋಡೆ ಗಡಿಯಾರದಲ್ಲಿ ನಾಲ್ಕಾಯಿತು. ಒಂದೇ ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು.

"ಏನೇ ಅವಳ ಪಾತ್ರ?"

"ಮರ. ಮಾತೇ ಇಲ್ಲ. ಕೊನೇ ತನಕ ಅಲ್ಲಾಡದೆ ನಿಂತಿರ್ಬೇಕು ಅಷ್ಟೇ." ತಂಗಿ ಮೂಗು ಒರೆಸಿಕೊಂಡಳು. "ಜನರ ಮಧ್ಯೆ ನಮ್ಮನ್ನ ಹುಡುಕ್ತಾ ಹುಡುಕ್ತಾ ಅಲ್ಲಾಡಿಬಿಡ್ತಾಳೆ ಕಣೇ."

ಅಕ್ಕನ ಕೈ ತಾನಾಗಿ ಕೊರಳಿಗೆ ಹೋಯಿತು. ಬೀಗದ ಕೈ ಅಲ್ಲಿರಲಿಲ್ಲ.